ಗುಲ್ಮಾರ್ಗ್‌ಗೆ ಸ್ನೋಬೋರ್ಡಿಂಗ್: ಏನು ಕೊಳ್ಳೋದು, ಏನು ಬಾಡಿಗೆಗೆ ತಗೊಳ್ಳೋದು, ಅಲ್ಲಿ ಸರಿಯಾಗಿ ಕೆಲಸ ಮಾಡಿಸಿಕೊಳ್ಳೋದು ಹೇಗೆ?

ಹೊಸನಗರ ತೋಟ

ಎಲ್ಲರಿಗೂ ನಮಸ್ಕಾರ. ಈ ಸಲ ಅಡಿಕೆ ಕೊನೆ ಕೊಯ್ಲು ಮುಗಿದ ಕೂಡಲೇ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗೋದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ತಮ್ಮ, ತಮ್ಮನ ಹೆಂಡತಿ. ತಮ್ಮನಿಗೆ ಸ್ಕೀ ಬೇಡವಂತೆ, ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ನೋಬೋರ್ಡೇ ಆಗಬೇಕು. ಬೋರ್ಡು, ಅದಕ್ಕೆ ಬೂಟನ್ನು ಕಟ್ಟುವ ಬೈಂಡಿಂಗು, ಬೂಟು ಎಲ್ಲ ಸೇರಿ ಒಂದು ಸೆಟ್ಟು ನೋಡಿಟ್ಟಿದ್ದಾನೆ. ಅರ್ಧ ಲಕ್ಷ ದಾಟುತ್ತದೆ. ಕಂತಿನಲ್ಲಿ ತಗೊಳ್ಳುತ್ತೇನೆ ಅಂತ ಕೂತಿದ್ದಾನೆ.

ಬಾಡಿಗೆಗೆ ತಗೊಂಡರೆ ಸಾಲದಾ ಅಂತ ನನ್ನ ವಾದ. ಆದರೆ ಬಾಡಿಗೆ ಅಂದರೆ ನನಗೂ ಒಳಗೊಳಗೆ ಭಯವೇ. ಹಿಂದೆ ಹಿಮಾಚಲದ ಕಡೆ ಹೋದಾಗ ಒಂದು ಅಂಗಡಿಯವರು ಹಿಂದಿನ ಗಿರಾಕಿ ಬಿಚ್ಚಿಟ್ಟ ಒದ್ದೆ ಕೋಟನ್ನೇ ಕೊಟ್ಟರು. ಬೂಟು ದೊಡ್ಡದಾಯಿತು ಅಂದರೆ "ಇನ್ನೊಂದು ಸಾಕ್ಸ್ ಹಾಕ್ಕೊಳಿ" ಅಂದರು. ಒಂದು ಗಂಟೆ ಕಲಿಸುತ್ತೇವೆ ಅಂತ ದುಡ್ಡು ತಗೊಂಡವರು ಫೋಟೊ ತೆಗೆಯುವುದರಲ್ಲೇ ಗಂಟೆ ಮುಗಿಸಿದರು. ಜಗಳ ಆಡಿ ಏನೂ ಪ್ರಯೋಜನ ಆಗಲಿಲ್ಲ.

ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ? ಮತ್ತೆ, ಆ ಕಡೆಯವರಿಂದ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡಿಸಿಕೊಳ್ಳುವುದು ಹೇಗೆ?

ಸಾಗರ ಪೇಟೆ

ಮಾರಾಯ್ರೆ, ಅಡಿಕೆಗೆ ಈ ವರ್ಷ ಅಷ್ಟು ರೇಟು ಬಂತಾ? ಸುಮ್ನೆ ಕೇಳಿದೆ. ಹೋಗಿ ಬನ್ನಿ, ಫೋಟೊ ಹಾಕಿ.

ಗೋಪಾಳದವನು

ಹೊಸನಗರದ ಅಣ್ಣ, ನಾನು ಕೆಲಸದ ಮೇಲೆ ಕೆನಡಾದಲ್ಲಿ ಇದ್ದಾಗ ಸ್ನೋಬೋರ್ಡಿಂಗ್ ಕಲಿತವನು. ಈಗ ಶಿವಮೊಗ್ಗದಲ್ಲೇ ಇದ್ದೇನೆ. ಚಳಿಗಾಲದಲ್ಲಿ ರಜೆ ಸಿಕ್ಕರೆ ಗುಲ್ಮಾರ್ಗ್ ಕಡೆ ಹೋಗುತ್ತೇನೆ. ನಾನು ಹೇಳುವುದು ಇಷ್ಟೇ. ಮೈಗೆ ತಾಗುವುದನ್ನು ಕೊಳ್ಳಿ, ಹಿಮಕ್ಕೆ ತಾಗುವುದನ್ನು ಬಾಡಿಗೆಗೆ ತಗೊಳ್ಳಿ. ಅಂದರೆ ಬೂಟು, ಸಾಕ್ಸು, ಒಳಗಿನ ಬಟ್ಟೆ, ಗ್ಲೌಸು, ಗಾಗಲ್ಸು ನಿಮ್ಮದು. ಬೋರ್ಡು, ಬೈಂಡಿಂಗು ಅಂಗಡಿಯವರದ್ದು.

ಬೋರ್ಡು ಕೊಳ್ಳಬೇಡಿ ಅನ್ನುವುದಕ್ಕೆ ಕಾರಣ ದುಡ್ಡು ಮಾತ್ರ ಅಲ್ಲ. ಕಲಿಯುವಾಗ ಬೇಕಾಗುವ ಬೋರ್ಡೇ ಬೇರೆ, ಕಲಿತ ಮೇಲೆ ಇಷ್ಟವಾಗುವ ಬೋರ್ಡೇ ಬೇರೆ. ಕಲಿಯುವವರಿಗೆ ಮೆತ್ತಗಿನದು ಬೇಕು. ಕಂಪನಿಗಳು ಹತ್ತರ ಅಳತೆಯಲ್ಲಿ ಫ್ಲೆಕ್ಸ್ ಅಂತ ಬರೆದಿರುತ್ತವೆ, ಅದರಲ್ಲಿ 2ರಿಂದ 4 ಸಾಕು. ಆಕಾರದಲ್ಲಿ ಎರಡು ಮುಖ್ಯ ಜಾತಿ. ನೆಲದ ಮೇಲಿಟ್ಟಾಗ ನಡು ಮೇಲೆದ್ದು ಎರಡು ತುದಿ ಊರಿ ನಿಂತರೆ ಅದು ಕ್ಯಾಂಬರ್. ನಡು ಊರಿ ತುದಿಗಳು ಎದ್ದಿದ್ದರೆ ರಾಕರ್. ಕ್ಯಾಂಬರ್ ಬಿಗಿಯಾಗಿ ತಿರುಗುತ್ತದೆ, ಆದರೆ ಕಲಿಯುವವರ ಎಡ್ಜು, ಅಂದರೆ ಬೋರ್ಡಿನ ಅಂಚಿನ ಲೋಹದ ಪಟ್ಟಿ, ಅದರಲ್ಲಿ ಬೇಗ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ. ಎಡ್ಜು ಸಿಕ್ಕಿದರೆ ಎಚ್ಚರಿಕೆ ಇಲ್ಲದೆ ಕವುಚಿ ಬೀಳುತ್ತೀರಿ. ರಾಕರ್ ಅಥವಾ ಎರಡೂ ಬೆರೆತ ಹೈಬ್ರಿಡ್ ಕೇಳಿ. ಗುಲ್ಮಾರ್ಗ್‌ನ ಹೊಸ ಪುಡಿ ಹಿಮದಲ್ಲಿ ರಾಕರ್ ಚೆನ್ನಾಗಿ ತೇಲುತ್ತದೆ ಕೂಡ.

ಬೋರ್ಡಿನ ಉದ್ದವನ್ನು ನಿಮ್ಮ ಎತ್ತರ ನೋಡಿ ಅಲ್ಲ, ತೂಕ ನೋಡಿ ಆರಿಸಬೇಕು. ನೆಟ್ಟಗೆ ನಿಲ್ಲಿಸಿದ ಬೋರ್ಡು ಗಲ್ಲ-ಮೂಗಿನ ನಡುವೆ ಬಂದರೆ ಸರಿ ಅನ್ನುವುದು ಅಂದಾಜಿನ ಲೆಕ್ಕ. 70 ಕೆಜಿ ಆಸುಪಾಸಿನವರಿಗೆ 152ರಿಂದ 157 ಸೆಂಟಿಮೀಟರ್ ಹೊಂದುತ್ತದೆ, ಕಲಿಯುವವರು ಕಡಿಮೆ ಕಡೆಯದ್ದನ್ನು ತಗೊಳ್ಳಿ. ಪಾದ ದೊಡ್ಡದಿದ್ದರೆ, ಯುಕೆ 10ರ ಮೇಲಿದ್ದರೆ, ಅಗಲದ ಬೋರ್ಡು ಕೇಳಿ. ಇಲ್ಲದಿದ್ದರೆ ಬೂಟಿನ ತುದಿ ಹಿಮಕ್ಕೆ ಉಜ್ಜುತ್ತದೆ.

ಈಗ ಬೂಟು. ಇದರಲ್ಲಿ ಮಾತ್ರ ರಾಜಿ ಬೇಡ. ಬಾಡಿಗೆ ಬೂಟಿನ ಒಳಪದರ ಊರವರ ಕಾಲಿಗೆಲ್ಲ ಹಿಗ್ಗಿ ಸಡಿಲ ಆಗಿರುತ್ತದೆ. ನಿಮ್ಮ ಹಿಮ್ಮಡಿ ಒಳಗೆ ಎದ್ದರೆ ನೀವು ಬಗ್ಗಿದ್ದು ಬೋರ್ಡಿಗೆ ತಲುಪುವುದೇ ಇಲ್ಲ. ತಪ್ಪು ನಿಮ್ಮದು ಅಂದುಕೊಂಡು ದಿನವಿಡೀ ಬೀಳುತ್ತೀರಿ. ಹಾಕಿ ನೋಡುವಾಗ ನೆಟ್ಟಗೆ ನಿಂತರೆ ಬೆರಳು ತುದಿಗೆ ಮೆಲ್ಲಗೆ ತಾಗಬೇಕು. ಮಂಡಿ ಮಡಚಿದರೆ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಮನೆಯಲ್ಲಿ ಅರ್ಧ ಗಂಟೆ ಹಾಕಿಕೊಂಡು ಓಡಾಡಿ, ಎಲ್ಲಾದರೂ ಒತ್ತಿದರೆ ವಾಪಸ್ ಮಾಡಿ. ಎರಡು ಸಾಕ್ಸು ಬೇಡವೇ ಬೇಡ. ಒಂದೇ ಜೊತೆ, ಉಣ್ಣೆಯದ್ದು, ತೆಳ್ಳಗಿನದ್ದು. ಎರಡು ಹಾಕಿದರೆ ಮಡಿಕೆ ಬಿದ್ದು ಒತ್ತುತ್ತದೆ, ರಕ್ತ ಸರಿಯಾಗಿ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಯಲಹಂಕದಲ್ಲಿ ಹೊಸನಗರ

ನಾನೇ ಆ ತಮ್ಮ. ಅಣ್ಣ ನನ್ನ ಮರ್ಯಾದೆ ಇಲ್ಲಿ ಹರಾಜು ಹಾಕಿದ್ದು ಈಗ ನೋಡಿದೆ.

ಗೋಪಾಳದ ಸಾರ್, ನಾನು ನೋಡಿದ ವಿಡಿಯೋಗಳಲ್ಲಿ ಎಲ್ಲರೂ ಕ್ಯಾಂಬರ್ ತಗೊಂಡರೆ ಕಲಿಕೆ ಗಟ್ಟಿ ಆಗುತ್ತೆ ಅಂತಾರಲ್ಲ? ಚಿಕ್ಕವನಿದ್ದಾಗ ಅಡಿಕೆ ಹಾಳೆ ಮೇಲೆ ಕೂತು ಗುಡ್ಡದಿಂದ ಜಾರಿದವನು ನಾನು, ಬ್ಯಾಲೆನ್ಸ್ ಚೆನ್ನಾಗಿದೆ. ಮತ್ತೆ, ಬೂಟಿಗೆ ಲೇಸಿನ ಬದಲು ತಿರುಗಣೆ ಇರುವುದು ತಗೊಳ್ಳಲಾ?

ಗೋಪಾಳದವನು

ಹಾಳೆ ಮೇಲೆ ಕೂತಿರುತ್ತೀರಿ, ಇಲ್ಲಿ ಅಡ್ಡ ನಿಂತು ಎರಡೂ ಕಾಲು ಕಟ್ಟಿಸಿಕೊಂಡಿರುತ್ತೀರಿ. ಕಟ್ಟು ಬಿಚ್ಚಿ ಕಾಲು ಆಚೆ ಇಡಲು ಆಗುವುದಿಲ್ಲ ಮಾರಾಯ. ಕ್ಯಾಂಬರ್‌ನಲ್ಲಿ ಕಲಿತವರು ಗಟ್ಟಿ ಆಗುತ್ತಾರೆ ಅನ್ನುವುದು ಸುಳ್ಳಲ್ಲ. ಆದರೆ ಅದು ಚಳಿಗಾಲ ಪೂರ್ತಿ ಬೆಟ್ಟದ ಬುಡದಲ್ಲೇ ಇರುವವರಿಗೆ. ಒಂದು ವಾರದ ಮಟ್ಟಿಗೆ ಹೋಗಿ ಬರುವವರು ಬೇಗ ಖುಷಿ ಸಿಗುವ ಬೋರ್ಡು ಹತ್ತಬೇಕು.

ತಿರುಗಣೆ, ಅಂದರೆ ಬೋಆ, ಚೆನ್ನಾಗಿದೆ. ಚಳಿಯಲ್ಲಿ ಗ್ಲೌಸ್ ತೆಗೆಯದೆ ಬಿಗಿ ಮಾಡಬಹುದು. ತಂತಿ ತುಂಡಾದರೆ ಅಲ್ಲಿ ಸಿಗುವುದು ಕಷ್ಟ, ಒಂದು ಹೆಚ್ಚುವರಿ ಇಟ್ಟುಕೊಳ್ಳಿ. ಮಾಮೂಲಿ ಲೇಸಿನದ್ದಾದರೆ ನಮ್ಮ ದುರ್ಗಿಗುಡಿಯ ಚಪ್ಪಲಿ ಅಂಗಡಿಯ ಲೇಸೇ ಆದೀತು. ಬರ್ಟನ್‌ನವರ ಸ್ಟೆಪ್ ಆನ್ ಥರದ, ಪಟ್ಟಿಯೇ ಇಲ್ಲದ ಬೈಂಡಿಂಗ್‌ಗೆ ಹೊಂದುವ ಬೂಟು ಮಾತ್ರ ಈಗ ತಗೊಳ್ಳಬೇಡಿ. ಬಾಡಿಗೆ ಬೋರ್ಡಿನಲ್ಲಿ ಇರುವುದು ಪಟ್ಟಿ ಬೈಂಡಿಂಗು, ಆ ಹೊಸ ಕೊಕ್ಕೆಗೆ ಅಲ್ಲಿ ಕೆಲಸ ಇಲ್ಲ.

ಇನ್ನೊಂದು. ಯಾವ ಕಾಲು ಮುಂದೆ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ. ನಿಮ್ಮ ಹೊಸನಗರದ ಮನೆಯಲ್ಲಿ ಕೆಂಪು ಕಾವಿ ನೆಲ ಇದ್ದರೆ ಸಾಕ್ಸ್ ಹಾಕಿ ಓಡಿ ಬಂದು ಜಾರಿ ನೋಡಿ. ತಾನಾಗಿ ಮುಂದೆ ಬರುವ ಕಾಲೇ ಮುಂದಿನ ಕಾಲು. ಎಡ ಮುಂದಿದ್ದರೆ ರೆಗ್ಯುಲರ್, ಬಲ ಮುಂದಿದ್ದರೆ ಗೂಫಿ. ಬೈಂಡಿಂಗ್ ಅದಕ್ಕೆ ತಕ್ಕ ಹಾಗೆ ತಿರುಗಿಸಿ ಕೂರಿಸಬೇಕು. ಮುಂದಿನದು 15 ಡಿಗ್ರಿ ಮುಂದಕ್ಕೆ, ಹಿಂದಿನದು 6ರಿಂದ 9 ಡಿಗ್ರಿ ಹಿಂದಕ್ಕೆ. ನನ್ನ ಸ್ನೇಹಿತನೊಬ್ಬ ಗೂಫಿ. ಅಂಗಡಿಯ ಹುಡುಗ "ಎಲ್ಲಾ ಒಂದೇ ಸಾರ್" ಅಂತ ರೆಗ್ಯುಲರ್ ಬೋರ್ಡು ಕೊಟ್ಟು ಕಳಿಸಿದ್ದ. ಸ್ಕ್ರೂಡ್ರೈವರ್ ಕೈಗೆ ತಗೊಂಡು ನಾವೇ ಬದಲಿಸಬೇಕಾಯಿತು. ಎಲ್ಲಾ ಒಂದೇ ಅಲ್ಲ.

ಸಾಗರ ಪೇಟೆ

ಒಂದು ವಾರದ ಮೋಜಿಗೆ ಬೂಟು ಕೊಂಡು ಆಮೇಲೆ ಅದನ್ನು ಏನು ಮಾಡುವುದು? ಹಾಕಿಕೊಂಡು ತೋಟಕ್ಕೆ ಹೋಗುವುದಾ? ಇಂಬಳಕ್ಕೇನೋ ಒಳ್ಳೆಯದು. ನನ್ನ ಕೇಳಿದರೆ ಬೂಟೂ ಬಾಡಿಗೆಯೇ ಸರಿ, ಗಾಗಲ್ಸ್ ಮತ್ತು ಗ್ಲೌಸ್ ಮಾತ್ರ ಸ್ವಂತದ್ದು. ಮತ್ತೊಮ್ಮೆ ಹೋಗುತ್ತೇವೆ ಅಂತ ಖಾತ್ರಿ ಆದ ಮೇಲೆ ಕೊಳ್ಳಲಿ. ಬೋರ್ಡ್ ವಿಷಯದಲ್ಲಿ ಗೋಪಾಳದವರ ಮಾತಿಗೆ ನನ್ನ ಓಟು.

ಗೋಪಾಳದವನು

ಸಾಗರದವರ ಮಾತೂ ಒಪ್ಪುವಂಥದ್ದೇ. ಮೊದಲ ಸಲ ಹೋಗುವ ಅಣ್ಣ ಬಾಡಿಗೆಗೆ ತಗೊಳ್ಳಲಿ. ಹುಚ್ಚು ಹಿಡಿದಿರುವ ತಮ್ಮ ಕೊಳ್ಳಲಿ.

ಆಗುಂಬೆ ಘಾಟಿ

ಬಟ್ಟೆ ವಿಷಯ ಯಾರೂ ಮಾತಾಡಿಲ್ಲ, ಅದು ನಮ್ಮ ಇಲಾಖೆ.

ಮಳೆಗಾಲಕ್ಕೆ ತಗೊಂಡ ರೈನ್‌ಕೋಟು ಇದೆಯಲ್ಲ, ಅದನ್ನೇ ಹಿಮಕ್ಕೆ ಹಾಕಿಕೊಂಡು ಹೋಗುವವರಿದ್ದಾರೆ. ನೀರು ಒಳಗೆ ಬರುವುದಿಲ್ಲ, ನಿಜ. ಆದರೆ ಬೆವರೂ ಹೊರಗೆ ಹೋಗುವುದಿಲ್ಲ. ರೈನ್‌ಕೋಟು ಹಾಕಿ ಗದ್ದೆ ಅಂಚಲ್ಲಿ ಒಂದು ಗಂಟೆ ಕೆಲಸ ಮಾಡಿದವರಿಗೆ ಒಳಗಿನ ಅಂಗಿಯ ಗತಿ ಗೊತ್ತು. ಇಲ್ಲಿ ಅದು ಬರೀ ಕಿರಿಕಿರಿ. ಅಲ್ಲಿ ನಿಂತ ಕೂಡಲೇ ಆ ಬೆವರು ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಸ್ನೋಬೋರ್ಡ್ ಕಲಿಯುವವರು ಬಿದ್ದು ಎದ್ದು ಬೆವರುವುದು ಜಾಸ್ತಿ, ಆಮೇಲೆ ಹಿಮದ ಮೇಲೆ ಕೂರುವುದೂ ಜಾಸ್ತಿ. ಅದಕ್ಕೇ ಪ್ಯಾಂಟಿಗೆ ಜಾಕೆಟ್‌ಗಿಂತ ಹೆಚ್ಚು ಗಮನ ಕೊಡಿ.

ಲೇಬಲ್ ಮೇಲೆ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ನೀರು ತಡೆಯುವುದು, ಮಿಲಿಮೀಟರ್‌ನಲ್ಲಿ. 10,000ಕ್ಕಿಂತ ಕಡಿಮೆ ಬೇಡ. ಎರಡನೆಯದು ಬೆವರು ಬಿಡುವುದು, ಗ್ರಾಂ ಲೆಕ್ಕದಲ್ಲಿ, ಅದೂ 10,000 ಇದ್ದರೆ ಒಳ್ಳೆಯದು. ಹೊಲಿಗೆಗಳ ಮೇಲೆ ಒಳಗಡೆ ಟೇಪು ಅಂಟಿಸಿದ್ದಾರಾ ನೋಡಿ. ಟೇಪು ಇಲ್ಲದಿದ್ದರೆ ಸಂಖ್ಯೆ ಎಷ್ಟೇ ಇದ್ದರೂ ಸೂಜಿ ತೂತಿನಿಂದ ನೀರು ಇಳಿಯುತ್ತದೆ. ಬೆಂಗಳೂರಿಗೆ ಹೋದಾಗ ಡೆಕತ್ಲಾನ್‌ನಲ್ಲಿ ಕೈಯಿಂದ ಮುಟ್ಟಿ ನೋಡಿ ತಗೊಳ್ಳಬಹುದು.

ಒಳಗೆ ಹತ್ತಿ ಬನಿಯನ್ ಹಾಕಬೇಡಿ. ಹತ್ತಿ ಒದ್ದೆ ಆದರೆ ಒಣಗುವುದಿಲ್ಲ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ನಮ್ಮ ಅಜ್ಜಂದಿರು ಸೋನೆ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಾಟಿ ಗದ್ದೆಗೆ ಹೋಗುತ್ತಿದ್ದುದು ಸುಮ್ನೆ ಅಲ್ಲ.

ಗಾಗಲ್ಸ್ ಬಗ್ಗೆ: ಕಪ್ಪು ಗಾಜು ಒಂದೇ ತಗೊಂಡು ಹೋದರೆ ಮೋಡದ ದಿನ ಕೆಟ್ಟಿರಿ. ಬಿಳಿ ಆಕಾಶ, ಬಿಳಿ ನೆಲ, ಉಬ್ಬು ತಗ್ಗು ಒಂದೂ ಕಾಣುವುದಿಲ್ಲ. ಗಾಜಿನ ಮೇಲೆ ಎಸ್1, ಎಸ್2, ಎಸ್3 ಅಂತ ಬರೆದಿರುತ್ತದೆ. ಎಸ್3 ಬಿಸಿಲಿಗೆ, ಎಸ್1 ಮೋಡಕ್ಕೆ. ಹಳದಿ ಅಥವಾ ಗುಲಾಬಿ ಛಾಯೆಯ ಎಸ್1 ಒಂದು ಇಟ್ಟುಕೊಳ್ಳಿ. ಹೊಸ ಹಿಮ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣದಲ್ಲಿ 80 ಶೇಕಡಾದವರೆಗೂ ವಾಪಸ್ ಎಸೆಯುತ್ತದೆ. ಮೂಗಿನ ಕೆಳಗೂ, ಗಲ್ಲದ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ.

ಮಂಡಗದ್ದೆ

ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಪ್ಲಾಸ್ಟರ್ ಹಾಕುವ ಕೆಲಸ ನನ್ನದು. ಸ್ನೋಬೋರ್ಡ್ ಕಂಡವನಲ್ಲ, ಆದರೆ ಕೈ ಊರಿ ಬಿದ್ದವರನ್ನು ಮಳೆಗಾಲವಿಡೀ ನೋಡುತ್ತೇನೆ. ಪಾಚಿ ಅಂಗಳದಲ್ಲಿ ಜಾರಿದವರೆಲ್ಲ ಮಣಿಕಟ್ಟು ಹಿಡಿದುಕೊಂಡೇ ಬರುತ್ತಾರೆ. ಸ್ನೋಬೋರ್ಡ್ ಹೊಸಬರಲ್ಲೂ ಜಾಸ್ತಿ ಮುರಿಯುವುದು ಮಣಿಕಟ್ಟೇ. ಎರಡೂ ಕಾಲು ಕಟ್ಟಿರುವಾಗ ಬಿದ್ದರೆ ಊರಲು ಉಳಿಯುವುದು ಕೈ ಮಾತ್ರ, ಅಲ್ವಾ?

ಹಾಗಾಗಿ ರಿಸ್ಟ್ ಗಾರ್ಡ್ ತಗೊಳ್ಳಿ. ಇದು ಬಾಡಿಗೆಗೆ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಬೀಳುವಾಗ ಅಂಗೈ ಚಾಚಬೇಡಿ. ಮುಂದೆ ಬಿದ್ದರೆ ಮುಷ್ಟಿ ಕಟ್ಟಿ ಮೊಣಕೈವರೆಗಿನ ಭಾಗ ಊರಿ, ಹಿಂದೆ ಬಿದ್ದರೆ ಗಲ್ಲ ಎದೆಗೆ ಒತ್ತಿಕೊಂಡು ಕುಂಡೆ ಮೇಲೆ ಕೂತು ಉರುಳಿ. ಆ ಕುಂಡೆಗೂ ಪ್ಯಾಡ್ ಇರುವ ಚಡ್ಡಿ ಬರುತ್ತದೆ. ನಗಬೇಡಿ, ಬಾಲದ ಮೂಳೆ ನೋವು ತಿಂಗಳುಗಟ್ಟಲೆ ಕೂರಲು ಬಿಡುವುದಿಲ್ಲ.

ಹೆಲ್ಮೆಟ್ ಕಡ್ಡಾಯ. ಬೈಕಿನದ್ದು ಬೇಡ. ಒಳಗೆ ಇಎನ್ 1077 ಅಥವಾ ಎಎಸ್‌ಟಿಎಂ ಎಫ್2040 ಅಂತ ಹಿಮದಾಟದ ಹೆಲ್ಮೆಟ್ಟಿನ ಸುರಕ್ಷತಾ ಗುರುತು ಇರಬೇಕು. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಮತ್ತೆ ಬಳಸುವಂಥದ್ದಲ್ಲ. ಬಾಡಿಗೆಯದ್ದಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ.

ಶೃಂಗೇರಿ ದಾರಿ ಹೋಂಸ್ಟೇ

ಸರ್ವಿಸ್ ಬಗ್ಗೆ ಕೇಳಿದ್ದೀರಲ್ಲ, ನಾನು ಕೌಂಟರಿನ ಈ ಕಡೆ ಇರುವವಳು. ಗುಲ್ಮಾರ್ಗ್ ನಾನು ಕಂಡಿಲ್ಲ. ಆದರೆ ಸೀಸನ್ನಿನಲ್ಲಿ ದುಡಿಯುವವರ ಮನಸ್ಸು ಎಲ್ಲಾ ಕಡೆ ಒಂದೇ.

ನಮ್ಮಲ್ಲಿಗೆ ಎರಡು ಥರದ ಜನ ಬರುತ್ತಾರೆ. ಒಬ್ಬರು ಫೋನ್ ಮಾಡಿ "ರೂಮ್ ಇದೆಯಾ, ರೇಟೆಷ್ಟು, ಕಡಿಮೆ ಮಾಡಿ" ಅನ್ನುತ್ತಾರೆ. ಇನ್ನೊಬ್ಬರು "ನಾಲ್ಕು ಜನ, ಅತ್ತೆಗೆ ಮಂಡಿ ನೋವು, ಕೆಳಗಿನ ರೂಮು ಬೇಕು, ರಾತ್ರಿ ಊಟಕ್ಕೆ ಬರುತ್ತೇವೆ" ಅಂತ ಬರೆದು ಕಳಿಸುತ್ತಾರೆ. ಎರಡನೆಯವರಿಗೆ ನಾನು ತಾನಾಗಿಯೇ ಒಳ್ಳೆಯದನ್ನು ಎತ್ತಿಡುತ್ತೇನೆ. ಪಕ್ಷಪಾತ ಅಲ್ಲ ಅದು. ಏನು ಬೇಕು ಅಂತ ನನಗೆ ಗೊತ್ತಿದೆ, ಅಷ್ಟೇ.

ನೀವೂ ಹಾಗೇ ಮಾಡಿ ಅಣ್ಣ. ಹೊರಡುವ ಮೊದಲೇ ಅಂಗಡಿಗೋ ಹೋಟೆಲಿಗೋ ವಾಟ್ಸಾಪ್ ಮಾಡಿ. ಒಬ್ಬೊಬ್ಬರ ತೂಕ, ಎತ್ತರ, ಪಾದದ ಉದ್ದ ಸೆಂಟಿಮೀಟರ್‌ನಲ್ಲಿ, ಗೋಪಾಳದವರು ಹೇಳಿದ ಆ ಎಡ-ಬಲ. ಬೂಟಿನ ನಂಬರ್ ಕಂಪನಿಗೊಂದು ಥರ, ಸೆಂಟಿಮೀಟರ್ ಎಲ್ಲಾ ಕಡೆ ಒಂದೇ. ಆಮೇಲೆ ಕೇಳಬೇಕಾದ್ದು ಕೇಳಿ. ಕಲಿಸುವವರು ಸ್ನೋಬೋರ್ಡ್ ಕಲಿಸುವವರೇನಾ ಅಥವಾ ಸ್ಕೀ ಕಲಿಸುವವರಾ? ಒಬ್ಬರಿಗೆ ಎಷ್ಟು ಜನ ಕಲಿಯುವವರು? ಎಷ್ಟು ಗಂಟೆ? ಲಿಫ್ಟಿನ ಟಿಕೆಟ್ ಇದರೊಳಗೇ ಬರುತ್ತದಾ? ಉತ್ತರ ಬರವಣಿಗೆಯಲ್ಲಿ ಇರಲಿ. ಉತ್ತರ ಕೊಡಲು ಬೇಜಾರು ಪಡುವವರಿಗೆ ಮುಂಗಡ ಕಳಿಸಬೇಡಿ.

ಅಲ್ಲಿ ಏನಾದರೂ ಸರಿ ಇಲ್ಲದಿದ್ದರೆ "ನಿಮ್ಮ ಸರ್ವಿಸ್ ಸರಿ ಇಲ್ಲ" ಅನ್ನಬೇಡಿ. ಅದಕ್ಕೆ ಯಾರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ. "ಹಿಮ್ಮಡಿ ಎದ್ದೇಳುತ್ತಿದೆ, ಅರ್ಧ ಸೈಜು ಚಿಕ್ಕದು ಕೊಡಿ" ಅನ್ನಿ. ಸ್ಟಾರ್ ಕಡಿಮೆ ಕೊಡುತ್ತೇನೆ ಅಂತ ಹೆದರಿಸುವವರನ್ನು ನಾವು ಕಾಫಿ ಕೊಟ್ಟು ಕಳಿಸುತ್ತೇವೆ, ಅದಕ್ಕಿಂತ ಹೆಚ್ಚು ಏನೂ ಮಾಡುವುದಿಲ್ಲ. ಒಳ್ಳೆಯದಾಗಿ ಕಲಿಸಿದವನಿಗೆ ಕೈಗೇ ಏನಾದರೂ ಕೊಡಿ. ಮೊದಲ ದಿನದ ಸಂಜೆಯೇ ಕೊಡಿ, ಕೊನೆಯ ದಿನ ಅಲ್ಲ.

ಗೋಪಾಳದವನು

ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ಬೋರ್ಡ್ ತಗೊಳ್ಳಲು ಹಿಂದಿನ ಸಂಜೆಯೇ ಹೋಗಿ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಂದಾಗ ಅಂಗಡಿಯ ಹುಡುಗನಿಗೆ ನಿಮ್ಮ ಹಿಮ್ಮಡಿ ನೋಡಲು ಪುರುಸೊತ್ತು ಇರುವುದಿಲ್ಲ. ಬೈಂಡಿಂಗ್ ಸ್ಕ್ರೂ ಅಲ್ಲಾಡುತ್ತವಾ, ಪಟ್ಟಿಯ ಹಲ್ಲು ಕಚ್ಚಿಕೊಳ್ಳುತ್ತವಾ, ಎಡ್ಜಿಗೆ ತುಕ್ಕು ಹಿಡಿದಿದೆಯಾ, ತಳದಲ್ಲಿ ಆಳದ ಗೀರು ಇದೆಯಾ ನೋಡಿ, ಅಂಗಡಿಯವರ ಎದುರೇ ವಿಡಿಯೋ ಮಾಡಿಕೊಳ್ಳಿ. ವಾಪಸ್ ಕೊಡುವಾಗ "ಇದು ನೀವು ಮಾಡಿದ ಗೀರು" ಅನ್ನುವ ಮಾತೇ ಬರುವುದಿಲ್ಲ. ಒತ್ತೆ ಇಡಲು ಆಧಾರ್ ಮೂಲ ಪ್ರತಿ ಕೇಳಿದರೆ ಕೊಡಬೇಡಿ.

ಗೊಂಡೊಲಾ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರ್, ಎರಡು ಹಂತ. ಮೊದಲನೆಯದು ಕೊಂಗ್ಡೂರಿವರೆಗೆ, ಎರಡನೆಯದು ಅಫರ್ವತ್ ಕಡೆ, ಸುಮಾರು 3,900 ಮೀಟರ್ ಎತ್ತರಕ್ಕೆ. ಹೊಸಬರಿಗೆ ಬೇಕಾದ ಇಳಿಜಾರು ಕೆಳಗೆ ಊರ ಹತ್ತಿರವೇ ಇದೆ. ಎರಡನೇ ಹಂತ ಎಲ್ಲ ಸಮ ಮಾಡಿಟ್ಟ ದಾರಿಯಲ್ಲ, ಹಿಮದ ರಾಶಿ ಕುಸಿಯುವ ಅಪಾಯ ಇರುವ ಬೆಟ್ಟ. 2024ರ ಫೆಬ್ರವರಿಯಲ್ಲಿ ಅಲ್ಲಿ ವಿದೇಶಿ ಸ್ಕೀಯರ್ ಒಬ್ಬರು ಸತ್ತರು. ಹಿಮದಲ್ಲಿ ಹೂತವರನ್ನು ಹುಡುಕುವ ಬೀಕನ್ ಮತ್ತು ಪ್ರೋಬ್ ಕೋಲು, ಸಲಿಕೆ, ಇವನ್ನೆಲ್ಲ ಬಳಸಲು ಬರುವ ಗೈಡ್ ಇಲ್ಲದೆ ಬೋರ್ಡ್ ಹಿಡಿದು ಅಲ್ಲಿಗೆ ಹೋಗಬೇಡಿ. ತಮ್ಮನಿಗೆ ಹೇಳಿದ್ದು. ಗಾಳಿ ಜೋರಾದರೆ ಎರಡನೇ ಹಂತ ನಿಲ್ಲಿಸುತ್ತಾರೆ. ಟಿಕೆಟ್ ಕೇಬಲ್ ಕಾರ್ ನಿಗಮದ ಸ್ವಂತ ಜಾಲತಾಣದಲ್ಲೇ ತಗೊಳ್ಳಿ, ನಿಲ್ದಾಣದ ಹೊರಗೆ ಕೈ ಹಿಡಿದು ಎಳೆಯುವವರ ಹತ್ತಿರ ಬೇಡ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ಮು ಅಲ್ಲಿ ನಡೆಯುವುದಿಲ್ಲ, ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ. ಕೈಯಲ್ಲಿ ಸ್ವಲ್ಪ ನಗದೂ ಇರಲಿ.

ಕೋರ್ಟ್ ರೋಡ್

ವಕೀಲ ವೃತ್ತಿಯವನು, ಶಿವಮೊಗ್ಗ. ಹೋಂಸ್ಟೇ ಅಕ್ಕನ ದಾರಿಯೇ ಮೊದಲು. ಅದು ಆಗದಿದ್ದರೆ ಮಾತ್ರ ಇದು.

ಜನ ಅಂದುಕೊಂಡಿರುವುದೇನು? ಕಾಶ್ಮೀರದಲ್ಲಿ ಮೋಸ ಆದರೆ ಕಾಶ್ಮೀರಕ್ಕೇ ಹೋಗಿ ಕೇಸು ಹಾಕಬೇಕು ಅಂತ. ಹಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರುದಾರ ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಹೊಸನಗರದವರು ಶಿವಮೊಗ್ಗದಲ್ಲಿ ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಬಿಲ್ ಕೊಡದಿರುವುದನ್ನೂ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯಲ್ಲಿ ಸೇರಿಸಿದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹೋಟೆಲಿನವರು ಮುಂಗಡ ವಾಪಸ್ ಕೊಡದಂಥ ತಕರಾರು ಕೇಸಿನವರೆಗೆ ಹೋಗದೆ ಅಲ್ಲೇ ಮುಗಿಯಲೂಬಹುದು.

ಆದರೆ ಒದ್ದೆ ಕೋಟಿಗೆ ಕೇಸು ಹಾಕಬೇಡಿ ಸ್ವಾಮಿ. ಅಲೆದಾಟ ದಂಡ.

ಪ್ರವಾಸ ವಿಮೆ ತಗೊಂಡರೆ ಷರತ್ತು ಓದಿ. ಸಾಹಸ ಕ್ರೀಡೆಗೆ ಹಣ ಕೊಡುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದ ಪಾಲಿಸಿಗಳಿವೆ.

ಯಲಹಂಕದಲ್ಲಿ ಹೊಸನಗರ

ಸರಿ, ಸೋತೆ. ಬೋರ್ಡ್ ಆರ್ಡರ್ ಮಾಡುವುದಿಲ್ಲ. ಬೂಟು, ಹೆಲ್ಮೆಟ್ಟು, ರಿಸ್ಟ್ ಗಾರ್ಡ್ ತಗೊಳ್ಳುತ್ತೇನೆ. ಹೆಂಡತಿ ಪ್ಯಾಡ್ ಚಡ್ಡಿ ಮೂರು ಆರ್ಡರ್ ಮಾಡಿ ಆಯಿತು, ಅಣ್ಣನಿಗೂ ಸೇರಿಸಿ. ವಿಮಾನದಲ್ಲಿ ಬೂಟು ತೂಕಕ್ಕೆ ತೊಂದರೆ ಆಗುತ್ತಾ?

ಗೋಪಾಳದವನು

ಒಂದು ಜೊತೆ ಬೂಟು ಎರಡು ಕೆಜಿ ಬರಬಹುದು. ಚೆಕ್-ಇನ್ ಸಾಮಾನ್ಯವಾಗಿ 15 ಕೆಜಿ. ಬೂಟಿನೊಳಗೆ ಸಾಕ್ಸು, ಗ್ಲೌಸು ತುರುಕಿ, ಜಾಗ ಉಳಿಯುತ್ತದೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿ.

ಹೊಸನಗರ ತೋಟ

ಎಲ್ಲರಿಗೂ ಧನ್ಯವಾದ. ಅಕ್ಕ ಹೇಳಿದ ಹಾಗೆ ಇವತ್ತು ಮಧ್ಯಾಹ್ನ ಮೂರು ಕಡೆ ಮೆಸೇಜ್ ಹಾಕಿದೆ. ನಮ್ಮ ಹಿಂದಿ ಓದಿ ಎಷ್ಟು ನಕ್ಕರೋ ಗೊತ್ತಿಲ್ಲ. ಒಬ್ಬರು "ಬನ್ನಿ ಸಾರ್, ಎಲ್ಲಾ ಇದೆ" ಅಂದರು. ಒಬ್ಬರು ಉತ್ತರವೇ ಕೊಟ್ಟಿಲ್ಲ. ಮೂರನೆಯವರು ತಮ್ಮನ ಪಾದದ ಅಗಲ ಎಷ್ಟು ಅಂತ ವಾಪಸ್ ಕೇಳಿದ್ದಾರೆ! ಅವರಿಗೇ ಮುಂಗಡ ಹಾಕುತ್ತೇನೆ.

ಒಂದು ಬಾಕಿ. ಜನವರಿ 26ರ ವಾರ ವಿಮಾನ ಅಗ್ಗ ಕಾಣಿಸುತ್ತಿದೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಕ್ಕರೆ ಅಷ್ಟರೊಳಗೆ ಕೊಯ್ಲು ಮುಗಿಸಬಹುದು. ಆಗಲೇ ಹೋಗಲಾ?

ಶೃಂಗೇರಿ ದಾರಿ ಹೋಂಸ್ಟೇ

ಬೇಡ. ರಜೆ ಸೇರಿದ ವಾರ ಯಾರಿಗೂ ಒಳ್ಳೆಯ ಸರ್ವಿಸ್ ಸಿಗುವುದಿಲ್ಲ, ನನ್ನ ಮನೆಯಲ್ಲೂ ಸಿಗುವುದಿಲ್ಲ. ಫೆಬ್ರವರಿಯಲ್ಲಿ ಸೋಮವಾರ ಮುಟ್ಟಿ ಶುಕ್ರವಾರ ಹೊರಡುವ ಹಾಗೆ ನೋಡಿ.

ಸಾಗರ ಪೇಟೆ

ಕೊನೆಗೌಡ ಸಿಕ್ಕರೆ ನನಗೂ ಒಂದು ಫೋನ್ ಹಾಕಿ ಮಾರಾಯ್ರೆ.